ಸೊರ್ರಪ್ಪನ ನಾಲಿಗೆ

ಮೇಜುಗಳ ಮೇಲೆ ಮಗುಚಿಟ್ಟಿದ್ದ ಕುರ್ಚಿಗಳನ್ನು ಆಕೆ ಒಂದೊಂದಾಗಿ ಇಳಿಸುತ್ತಿದ್ದಾಗ ತಮ್ಮ ಬಂದು ಕೈ ತಡೆದ.

"ನೀನು ಕೂತ್ಕೋ ಅಕ್ಕ. ಭಾವನ್ನ ಕಳಿಸಿ ಬಂದು ಇನ್ನೂ ಅರ್ಧ ಗಂಟೆ ಆಗಿಲ್ಲ."

"ಬಂದವರು ನಿಂತ್ಕೊಂಡೇ ಇರ್ಬೇಕಾ?"

ಅಂತ್ಯಕ್ರಿಯೆ ಮುಗಿಸಿದವರೆಲ್ಲ ನೇರ ಕೆಫೆಗೇ ಬರುತ್ತಿದ್ದರು. ಮೂವತ್ತು ವರ್ಷ ಆಕೆಯ ಗಂಡನ ಕೈಯ ಕಾಫಿ ಕುಡಿದವರಿಗೆ ದುಃಖ ಹೇಳಿಕೊಳ್ಳಲು ಬೇರೆ ಜಾಗ ಗೊತ್ತಿರಲಿಲ್ಲ. ಕಾಫಿ ಬೆಳೆಯುವ ಹನ್ನೊಂದು ಮನೆಯವರೂ ಬೆಟ್ಟ ಇಳಿದು ಬಂದಿದ್ದರು. ಅವರ ಬೆನ್ನಿಗೇ ಪೇಟೆಯ ದೊಡ್ಡ ಕಾಫಿ ವ್ಯಾಪಾರಿ ಬಂದು ಬಾಗಿಲ ಹತ್ತಿರದ ಕುರ್ಚಿ ಹಿಡಿದ. ಆತ ಒಂದು ದಿನವೂ ಇಲ್ಲಿ ಕಾಫಿ ಕುಡಿದವನಲ್ಲ. ಆದರೆ ಸಾವಿಗೆ ಬಂದವರನ್ನು ಯಾಕೆ ಬಂದಿರಿ ಎಂದು ಕೇಳಲಾಗುವುದಿಲ್ಲ.

"ಇವತ್ತು ನಿಜ ಹೇಳ್ಬಿಡ್ತೀನಿ ಕಣೋ," ಎಂದಳು ಮೆಲ್ಲಗೆ.

"ಹುಚ್ಚಾ ನಿಂಗೆ? ಭಾವನ ನಾಲಿಗೆ ನಂಬಿ ಅವರು ಬೆಳೆ ಕೊಡ್ತಿದ್ದದ್ದು. ಮೂರು ವರ್ಷ ಮೋಸ ಮಾಡಿದ್ರು ಅಂದ್ಕೊಂಡ್ರೆ ಒಂದು ಮೂಟೆನೂ ಬರಲ್ಲ. ಬಾಗಿಲ ಹತ್ರ ಕೂತಿರೋ ಆ ಮನುಷ್ಯ ಅದಕ್ಕೇ ಕಾಯ್ತಿದಾನೆ. ನೀನು ಅಂಗಡಿ ಮುಚ್ಚಬೇಕಾಗುತ್ತೆ."

ಆಕೆಗೂ ಅದೇ ಹೆದರಿಕೆ. ಆದರೆ ಇಬ್ಬರು ಹೊತ್ತಿದ್ದ ಸುಳ್ಳನ್ನು ಇನ್ನು ಒಬ್ಬಳೇ ಹೊರಬೇಕಲ್ಲ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದಾಗಿತ್ತು.

*

ಆಕೆಯ ಗಂಡನಿಗೆ ಸೊರ್ರಪ್ಪ ಎಂಬ ಅಡ್ಡಹೆಸರು ಬಿದ್ದದ್ದು ಚಮಚದಿಂದ. ಕೊಯ್ಲು ಮುಗಿದ ಮೇಲೆ ಪ್ರತಿ ಮನೆಯ ಬೀಜವನ್ನೂ ಹುರಿದು, ಪುಡಿ ಮಾಡಿ, ಬಟ್ಟಲಲ್ಲಿ ಬಿಸಿನೀರು ಹೊಯ್ದು, ಬೆಳೆದವರ ಎದುರಿಗೇ ಚಮಚದಲ್ಲಿ ಸೊರ್ರೆಂದು ಹೀರುತ್ತಿದ್ದ. ಆ ಸದ್ದಿಗೆ ಬೀದಿನಾಯಿ ಎದ್ದು ಕೂರುತ್ತಿತ್ತು. ಪೇಟೆಯ ದರ ಎಷ್ಟೇ ಬೀಳಲಿ, ಆತ ಕೊಡುವ ದರ ಒಂದು ಮಟ್ಟಕ್ಕಿಂತ ಕೆಳಗಿಳಿಯುತ್ತಿರಲಿಲ್ಲ. ರುಚಿ ಚೆನ್ನಾಗಿದ್ದರೆ ಅದರ ಮೇಲೆ ಇನ್ನಷ್ಟು. ಆತ ಬಾಯಿ ಬಿಡುವವರೆಗೆ ಎದುರಿಗಿದ್ದವರು ಉಸಿರು ಬಿಗಿಹಿಡಿದು ಕೂರುತ್ತಿದ್ದರು.

ಮೂರು ವರ್ಷದ ಹಿಂದೆ ಜ್ವರ ಬಂತು. ವಾರದಲ್ಲಿ ಬಿಟ್ಟಿತು, ಆದರೆ ಹೋಗುವಾಗ ವಾಸನೆಯನ್ನೂ ರುಚಿಯನ್ನೂ ಕಿತ್ತುಕೊಂಡು ಹೋಯಿತು.

"ಬರೀ ಬಿಸಿನೀರು ಕುಡಿದ ಹಾಗಿದೆ ಕಣೇ," ಎಂದ ಆತ, ಬಟ್ಟಲು ಕೆಳಗಿಟ್ಟು.

"ಬೆಳೆಯೋರಿಗೆ ಹೇಳೋಣ."

"ಹೇಳಿದ್ರೆ ಆಮೇಲೆ ನಾನು ಯಾರು? ಲೋಟ ತೊಳೆಯೋನು."

ಅಂದಿನಿಂದ ಆಕೆ ಒಳಗೆ ಮೊದಲು ರುಚಿ ನೋಡಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಮೇಜಿನ ಕೆಳಗೆ ಆತನ ಪಾದವನ್ನು ಒಂದು ಸಲ ತುಳಿದರೆ ಸಾಧಾರಣ, ಎರಡು ಸಲ ತುಳಿದರೆ ಒಳ್ಳೆಯದು, ಮೂರು ಸಲ ಬಹಳ ಒಳ್ಳೆಯದು. ಬೆಳೆ ಚೆನ್ನಾಗಿ ಬಂದ ವರ್ಷ ಆತ ಕುಂಟುತ್ತ ಮನೆಗೆ ಹೋಗುತ್ತಿದ್ದ.

*

ಬೆಳೆಗಾರರಲ್ಲಿ ಎಲ್ಲರಿಗಿಂತ ಹಿರಿಯಳನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ದೊಡ್ಡಮ್ಮ ಬಂದು ಮೇಜಿನ ಎದುರು ಕೂತು ಕೈಚೀಲದಿಂದ ಹುರಿದ ಬೀಜದ ಪೊಟ್ಟಣ ತೆಗೆದಿಟ್ಟಳು.

"ನೀರು ಕಾಯ್ಸಮ್ಮ. ಈ ಸಲದ್ದು."

"ದೊಡ್ಡಮ್ಮ, ಮೊದಲು ಒಂದು ಮಾತು ಹೇಳ್ಬೇಕು." ಆಕೆ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿದಳು. "ಮೂರು ವರ್ಷದಿಂದ ಅವರಿಗೆ ರುಚಿನೇ ಗೊತ್ತಾಗ್ತಿರ್ಲಿಲ್ಲ. ಹೇಳಿಸ್ತಿದ್ದದ್ದು ನಾನು."

ಆಕೆಯ ತಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡ.

"ಗೊತ್ತು ಬಿಡಮ್ಮ," ಎಂದಳು ದೊಡ್ಡಮ್ಮ. "ಮೊದಲ ವರ್ಷಾನೇ ನೀನು ಅವರ ಕಾಲು ಅಂದ್ಕೊಂಡು ನನ್ನ ಕಾಲು ತುಳಿದೆ. ಮೂರು ಸಲ. ಅವರು ಪಾಪ, ಬಾಯಲ್ಲಿ ಕಾಫಿ ಇಟ್ಕೊಂಡು ನಿನ್ನ ಮುಖಾನೇ ನೋಡ್ತಾ ಕೂತಿದ್ರು."

"ಮತ್ತೆ ಯಾಕೆ ಸುಮ್ನಿದ್ರಿ?"

"ಕೆಟ್ಟದ್ದನ್ನ ನೀನು ಒಳ್ಳೇದು ಅಂತ ಹೇಳಿಸ್ಲಿಲ್ಲ, ಒಳ್ಳೇದನ್ನ ಕೆಟ್ಟದ್ದು ಅಂತ ಹೇಳಿಸ್ಲಿಲ್ಲ. ಅವರಿಗೆ ಆ ಕುರ್ಚೀಲಿ ಕೂರ್ಬೇಕಿತ್ತು, ಕೂರ್ಲಿ ಅಂದ್ಕೊಂಡ್ವಿ."

ಬೆಳಗಿನಿಂದ ಬಾರದ ಅಳು ಆಕೆಗೆ ಆಗ ಬಂತು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಅತ್ತು ಮುಗಿದ ಮೇಲೆ ಆಕೆ ಮುಖ ತೊಳೆದು ಬಂದು, ಬೀಜ ಪುಡಿ ಮಾಡಿ, ನೀರು ಹೊಯ್ದು, ಮೇಲೆ ಕಟ್ಟಿದ ನೊರೆಯನ್ನು ಸರಿಸಿ ಚಮಚ ಬಾಯಿಗಿಟ್ಟಳು. ಮೂರು ವರ್ಷದಲ್ಲಿ ಮೊದಲ ಸಲ ಎಲ್ಲರ ಎದುರು.

"ಹುಳಿ," ಎಂದಳು. "ಬೀಜದ ಲೋಳೆ ತೊಳೆಯೋದು ಒಂದು ದಿನ ತಡ ಮಾಡಿದೀರಿ. ಸಾಧಾರಣ, ದೊಡ್ಡಮ್ಮ."

ದೊಡ್ಡಮ್ಮನ ಮುಖ ಒಂದು ಕ್ಷಣ ಸಪ್ಪಗಾಯಿತು.

"ಸೊಸೆಗೆ ಬಡ್ಕೊಂಡೆ, ಕೇಳ್ಲಿಲ್ಲ," ಎಂದು ಎದ್ದು, ಹಿಂದೆ ತಿರುಗಿ ತನ್ನವರತ್ತ ಕೈ ಮಾಡಿದಳು.

ಗೋಡೆಗೆ ಒರಗಿ ನಿಂತಿದ್ದ ಉಳಿದ ಹತ್ತು ಮನೆಯವರೂ ಜೇಬಿನಿಂದ, ಚೀಲದಿಂದ ಒಂದೊಂದು ಪೊಟ್ಟಣ ತೆಗೆದು ಸಾಲಾಗಿ ಮೇಜಿನತ್ತ ಬಂದರು. ಸಾಲು ಉದ್ದವಾಗಿ, ವ್ಯಾಪಾರಿ ತನ್ನ ಕುರ್ಚಿ ಎತ್ತಿಕೊಂಡು ಬಾಗಿಲಾಚೆ ಹೋಗಿ ನಿಲ್ಲಬೇಕಾಯಿತು.