ಅಜ್ಜಿ ಕರೆದರೆ ತಿರುಗುವ ಮಗು

೨೦೨೪ರ ಜುಲೈ ೯, ಮಂಗಳವಾರ, ಬೆಳಗ್ಗೆ ಆರು ಗಂಟೆ ನಲವತ್ತು ನಿಮಿಷ. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೊರಟ ಬಸ್ಸಿನಲ್ಲಿ ಕಾವ್ಯಶ್ರೀ ಮಗಳಿಗೆ ನಿದ್ದೆ ಹತ್ತದಂತೆ ನೋಡಿಕೊಳ್ಳುತ್ತಿದ್ದಳು. ಕಿವಿ ಪರೀಕ್ಷೆಯ ಹೊತ್ತಿಗೆ ಮಗು ತಾನಾಗಿ ಮಲಗಬೇಕು, ದಾರಿಯಲ್ಲಿ ಮಾತ್ರ ಮಲಗಿಸಬೇಡಿ ಎಂದು ಚಾಮರಾಜನಗರದ ಶ್ರವಣ ಕೇಂದ್ರದವರು ಫೋನಿನಲ್ಲಿ ಒತ್ತಿ ಹೇಳಿದ್ದರು. ಪ್ರಣತಿಗೆ ಎರಡು ವರ್ಷ ಎಂಟು ತಿಂಗಳು. ಇನ್ನೂ ಒಂದು ಮಾತು ಬಂದಿರಲಿಲ್ಲ.

"ಪಾಪ, ಕಣ್ಣು ಎಳೀತಾವೆ. ಮಲಗ್ಲಿ ಬುಡು ಕಾವ್ಯ" ಎಂದಳು ಪಕ್ಕದಲ್ಲಿ ಕೂತಿದ್ದ ತಾಯಿ ಗಂಗಾಂಬಿಕೆ.

"ಬೇಡ ಕಣವ್ವ. ಮಲಗಿದ್ರೆ ಇನ್ನೊಂದಿನ ಬರ್ಬೇಕಾಯ್ತದೆ."

"ಬರದೇನೂ ಬ್ಯಾಡ. ನಿನ್ನ ಸೋದರಮಾವ ಐದು ವರ್ಷಕ್ಕೆ ಬಾಯಿ ಬುಟ್ಟ. ಈಗ ಅವನ ಬಾಯಿ ಮುಚ್ಸಕ್ಕೆ ಪಂಚಾಯ್ತಿ ಸೇರ್ಬೇಕು."

ಕಾವ್ಯಶ್ರೀ ನಕ್ಕಳು. ಅವಳು ಬೇಗೂರಿನ ಖಾಸಗಿ ಶಾಲೆಯಲ್ಲಿ ವಿಜ್ಞಾನ ಟೀಚರು. ಒಬ್ಬ ಮಾವನ ಉದಾಹರಣೆ ಪುರಾವೆಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಆ ಮಾತು ಎರಡು ವರ್ಷ ಅವಳನ್ನು ಕಾಪಾಡಿತ್ತು. ಬೇಗೂರಿನ ಮನೆಯಲ್ಲಿ ಅತ್ತೆ ಪುಟ್ಟಮಲ್ಲಮ್ಮ ಮಗು ಅಂಬೆಗಾಲಿಡುವಾಗಲೇ ಹೇಳಿದ್ದಳು: "ಕುಕ್ಕರ್ ಕೂಗಿದ್ರೂ ಕೂಸು ತಿರುಗಿ ನೋಡಲ್ಲ ಕಣಮ್ಮಿ. ಕಿವಿ ತೋರ್ಸು." ಕಾವ್ಯಶ್ರೀ ಉರಿದುಬಿದ್ದಿದ್ದಳು. ಮೊಮ್ಮಗಳಿಗೆ ಊನ ಹುಡುಕುವ ಹೆಂಗಸು ಎಂದು ಗಂಡ ಸೋಮಶೇಖರನೊಂದಿಗೆ ಜಗಳವಾಡಿದ್ದಳು. ಯುಗಾದಿಯಿಂದೀಚೆಗೆ ಅತ್ತೆಯೊಂದಿಗೆ ಅವಳ ಮಾತು ಅಗತ್ಯವಿದ್ದಷ್ಟು ಮಾತ್ರ. ಅಷ್ಟು ಧೈರ್ಯ ಅವಳಿಗೆ ಬಂದದ್ದು ಭೀಮನಬೀಡಿನ ತವರಿನಿಂದ. ಅಲ್ಲಿ ಮಂಚದ ಮೇಲೆ ಆಡುತ್ತಿರುವ ಮಗುವನ್ನು ಗಂಗಾಂಬಿಕೆ ಬೆನ್ನ ಹಿಂದಿನಿಂದ "ಪುಟ್ಟೀ" ಎಂದು ಕರೆದರೆ ಸಾಕು, ಅದು ಗಿರಕ್ಕನೆ ತಿರುಗಿ ನಗುತ್ತಿತ್ತು. ಇದನ್ನು ಕಾವ್ಯಶ್ರೀ ಎಷ್ಟೋ ಸಲ ಕಣ್ಣಾರೆ ಕಂಡಿದ್ದಳು. ಪ್ರೀತಿಯಿಂದ ಕರೆಯುವವರಿಗೆ ಮಗು ಓಗೊಡುತ್ತದೆ, ಕೊಂಕು ಹುಡುಕುವವರಿಗಲ್ಲ ಎಂದುಕೊಂಡಿದ್ದಳು.

ಕೇಂದ್ರದಲ್ಲಿ ಅವರನ್ನು ನೋಡಿದವಳು ಸುಧಾಮಣಿ ಎಂಬ ಶ್ರವಣ ತಜ್ಞೆ. ಕೋಣೆಯ ಒಂದು ಬದಿಗೆ ಮಕ್ಕಳು ಆಡಲೆಂದು ಮೊಳಕಾಲೆತ್ತರದ ಮರದ ಜಗಲಿಯಿತ್ತು. ಪ್ರಣತಿಯನ್ನು ಅಲ್ಲಿ ಕೂರಿಸಿ, ಕೈಗೆ ಬಣ್ಣದ ಬಳೆಗಳನ್ನು ಕೊಟ್ಟು, ಸುಧಾಮಣಿ ಪ್ರಶ್ನೆ ಕೇಳುತ್ತ ಹೋದಳು. ಕತ್ತು ನಿಂತದ್ದು ಯಾವಾಗ, ನಡೆದದ್ದು ಯಾವಾಗ, ಬೇಕಾದ್ದನ್ನು ಹೇಗೆ ಕೇಳುತ್ತಾಳೆ.

"ಹುಟ್ಟಿದಾಗ ಕಿವಿ ಪರೀಕ್ಷೆ ಮಾಡಿದ್ರಾ?"

"ಇಲ್ಲ ಮೇಡಂ" ಎಂದಳು ಕಾವ್ಯಶ್ರೀ.

ಸುಧಾಮಣಿ ಮಗುವಿನ ಹಿಂದೆ ಸರಿದು ಗೆಜ್ಜೆ ಅಲ್ಲಾಡಿಸಿದಳು. ಆಮೇಲೆ ತಾಳ ಬಡಿದಳು. ಪ್ರಣತಿ ಬಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಲೇ ಇದ್ದಳು.

"ಒಸ ಜಾಗ ಅಲ್ವಾ, ಅದ್ಕೆ. ನಾನು ಕರೀತೀನಿ ನೋಡಿ" ಎಂದು ಗಂಗಾಂಬಿಕೆ ಜಗಲಿಯ ಅಂಚಿಗೆ ಬಂದು ಕೂತಳು. "ಪುಟ್ಟೀ!"

ಮಗು ಥಟ್ಟನೆ ತಿರುಗಿ ನಕ್ಕಿತು. ಕಾವ್ಯಶ್ರೀಗೆ ಹೋದ ಉಸಿರು ಬಂದಂತಾಯಿತು.

ಸುಧಾಮಣಿ ನಗಲಿಲ್ಲ. "ಅಜ್ಜಿ, ಎದ್ದು ಇಲ್ಲಿ ನೆಲದ ಮೇಲೆ ನಿಂತ್ಕೊಂಡು ಇನ್ನೊಂದ್ಸಲ ಕರೀರಿ."

"ಮೊಣಕಾಲು ನೋವು ಕಣವ್ವ."

"ಒಂದೇ ಸಲ."

ಗಂಗಾಂಬಿಕೆ ಎದ್ದು ನಿಂತಳು. ಕರೆದಳು. ಗಟ್ಟಿಯಾಗಿ ಕರೆದಳು. ಕೊನೆಗೆ ಅವಳ ದನಿ ಕಾರಿಡಾರಿನಲ್ಲಿ ಕೂತವರೂ ಇಣುಕುವಷ್ಟು ಏರಿತು. ಮಗು ತಿರುಗಲಿಲ್ಲ. ಆಗ ಸುಧಾಮಣಿ ಒಂದು ಮಾತೂ ಆಡದೆ ಜಗಲಿಯ ಹಲಗೆಗೆ ಹಿಮ್ಮಡಿಯಿಂದ ಮೆಲ್ಲಗೆ ಎರಡು ಸಲ ಒದ್ದಳು. ಪ್ರಣತಿ ಗಿರಕ್ಕನೆ ತಿರುಗಿ, ಅಜ್ಜಿಯನ್ನು ಹುಡುಕಿ, ನಕ್ಕಳು.

ಕಿವಿಯನ್ನು ಬೆಂಚಿಗಾನಿಸಿ ಮರದೊಳಗಿನ ಸದ್ದು ಆಲಿಸುವ ಪ್ರಯೋಗವನ್ನು ಕಾವ್ಯಶ್ರೀ ಪ್ರತಿ ವರ್ಷ ಎಂಟನೇ ತರಗತಿಗೆ ಮಾಡಿಸುತ್ತಿದ್ದಳು. ಅವ್ವ ಕರೆದಾಗಲೆಲ್ಲ ಮಂಚದ ಅಂಚಿನಲ್ಲೇ ಕೂತಿರುತ್ತಿದ್ದಳು, ಕಾಲು ಮಂಚದ ಕಾಲಿಗೆ ತಾಗಿಯೇ ಇರುತ್ತಿತ್ತು. ಸಾರಿಸಿದ ನೆಲದ ಮೇಲೆ ಮಗು ಇದ್ದಾಗ ಅವ್ವ ಒಮ್ಮೆಯೂ ಕರೆದು ತೋರಿಸಿರಲಿಲ್ಲ.

"ಯಾರೋ ಹೀಗೆ ರೂಢಿ ಮಾಡ್ಸಿದಾರೆ" ಎಂದಳು ಸುಧಾಮಣಿ. "ಎರಡು ಸಲ ತಟ್ಟಿದ್ರೆ ತಿರುಗಿ ನಗಬೇಕು ಅಂತ ಮಗುಗೆ ಗೊತ್ತಿದೆ."

"ಅವ್ವ?"

ಗಂಗಾಂಬಿಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಉಟ್ಟಿದ್ ಮೂರ್ನೇ ದಿನ ಆಸ್ಪತ್ರೇಲಿ ಕಿವಿಗೆ ಎಂಥದೋ ಇಟ್ಟು ನೋಡುದ್ರು. ಎರಡೂ ಕಿವಿ ಸರಿ ಬಂದಿಲ್ಲ, ತಿಂಗ್ಳು ಬುಟ್ಟು ಕರ್ಕಂಡು ಬನ್ನಿ ಅಂದ್ರು. ನಿಂಗೆ ಆಪರೇಸನ್ ಆಗಿತ್ತು. ಬಾಣಂತಿ ತಲೆಗೆ ಇಂಥದ್ದೆಲ್ಲ ಆಕ್ಬಾರ್ದು ಅಂತ ಸುಮ್ಮನಾದೆ."

"ತಿಂಗಳಾದ ಮೇಲೆ?"

"ಬಜೆ ತೇಯ್ದು ನಾಲ್ಗೆಗೆ ಅಚ್ಚುದ್ನಲ್ಲ, ಸರಿ ಓಯ್ತದೆ ಅಂದ್ಕಂಡೆ."

"ಬಾಣಂತನ ಐದು ತಿಂಗಳಿಗೆ ಮುಗೀತು ಅವ್ವ. ಆಮೇಲೆ?"

"ಆಮೇಲೆ ಎಂಗೆ ಏಳ್ಲಿ? ಎರ್ಗೆ, ಬಾಣಂತನ ಮಾಡ್ಸಿದ್ದು ನಾವು. ಕಿವುಡು ಕೂಸ ಎತ್ತವಳೆ, ಅಲ್ಲೇ ಇರ್ಲಿ ಅಂತ ನಿಮ್ಮತ್ತೆ ನಿನ್ನ ತವರಲ್ಲೇ ಬುಟ್ಬುಟ್ಟಿದ್ರೆ? ನಿನ್ನ ಸಂಸಾರ ಉಳೀಲಿ ಅಂತ ಮಾಡ್ದೆ ಕಣವ್ವ. ನೀನು ನಗ್ತಾ ಇದ್ರೆ ಸಾಕಾಗಿತ್ತು."

"ನಾನಲ್ಲ, ಅವಳು! ಅವಳಿಗೆ ಏನ್ ಸಾಕಾಗಿತ್ತು?"

ತನ್ನ ದನಿ ತನಗೇ ಅಪರಿಚಿತವೆನಿಸಿ ಕಾವ್ಯಶ್ರೀ ಸುಧಾಮಣಿಯ ಕಡೆ ತಿರುಗಿದಳು. "ಆಗಲೇ ತಂದಿದ್ದರೆ?"

"ಆರು ತಿಂಗಳೊಳಗೇ ಕಿವಿಗೆ ಯಂತ್ರ ಹಾಕಬಹುದಿತ್ತು. ಮಿದುಳು ಮಾತು ಕಲಿಯೋಕೆ ಅದೇ ಒಳ್ಳೆ ಕಾಲ. ಈಗಲೂ ಬಾಗಿಲು ಮುಚ್ಚಿಲ್ಲ. ಆದರೆ ಎಷ್ಟು ಕೇಳಿಸುತ್ತೆ ಅಂತ ಮೊದಲು ಅಳೀಬೇಕು. ಮಲಗಿಸಿ."

ಗಂಗಾಂಬಿಕೆ ಮಗುವಿಗೆ ಕೈ ಚಾಚಿದಳು. "ಕೊಡು, ನನ್ ತೊಡೆ ಮ್ಯಾಲಾದ್ರೆ ಬೇಗ ಮಲಗ್ತದೆ."

"ನೀನು ಆಚೆಗೆ ಹೋಗವ್ವ."

"ಕಾವ್ಯ, ಅಳಿಯಂಗೆ ಮಾತ್ರ ಏಳ್ಬ್ಯಾಡ..."

"ಹೋಗು ಅಂದೆ."

ತಾಯಿ ಹೊರಗೆ ಹೋದಳು. ಕಾವ್ಯಶ್ರೀ ಅವಳಿಗೆ ಎಂದೂ ಅಷ್ಟು ಗಡುಸಾಗಿ ಹೇಳಿರಲಿಲ್ಲ.

ಬೆಳಗಿನಿಂದ ತೂಕಡಿಸುತ್ತಿದ್ದ ಮಗು ಬೇಗನೆ ನಿದ್ದೆಹೋಯಿತು. ಸುಧಾಮಣಿ ಅದರ ಹಣೆಗೂ ಕಿವಿಗಳ ಹಿಂದಕ್ಕೂ ತಂತಿ ಅಂಟಿಸಿ, ಕಿವಿಯೊಳಗೆ ಸದ್ದು ಬಿಡತೊಡಗಿದಳು. ಪರದೆಯ ಮೇಲೆ ಗೆರೆ ಎದ್ದರೆ ಸದ್ದು ಮಿದುಳಿಗೆ ತಲುಪಿತೆಂದು ಅರ್ಥ. ಮಾತಿನಷ್ಟು ಸದ್ದಿಗೆ ಗೆರೆ ಏಳಲಿಲ್ಲ. ಬಸ್ಸಿನ ಹಾರ್ನಿನಷ್ಟು ಏರಿಸುವವರೆಗೂ ಏಳಲಿಲ್ಲ. ಆಮೇಲೆ ಒಂದು ಪುಟ್ಟ ಉಬ್ಬು ಕಾಣಿಸಿತು. ಇನ್ನೊಂದು ಕಿವಿಯಲ್ಲೂ ಅಷ್ಟೇ ಸದ್ದಿಗೆ.

ತಂತಿಗಳನ್ನು ಕಿತ್ತಮೇಲೆ ಕಾವ್ಯಶ್ರೀ ಫೋನ್ ತೆಗೆದಳು. ಗಂಡನ ಹೆಸರನ್ನು ದಾಟಿ, ತಿಂಗಳುಗಟ್ಟಲೆ ಮುಟ್ಟದ ಹೆಸರನ್ನು ಒತ್ತಿದಳು.

"ಏನಂದ್ರಮ್ಮಿ?" ಎಂದಳು ಪುಟ್ಟಮಲ್ಲಮ್ಮ. ಅವಳು ಬೆಳಗಿನಿಂದ ಫೋನ್ ಕೈಯಲ್ಲೇ ಹಿಡಿದಿದ್ದಳೇನೋ.

"ಅತ್ತೆ, ನೀವು ಹೇಳಿದ್ದು ನಿಜ. ಅವಳಿಗೆ ಕೇಳಿಸಲ್ಲ." "ನಮ್ಮವ್ವಂಗೆ ಮೊದಲೇ ಗೊತ್ತಿತ್ತು."

ಆ ಕಡೆಯಿಂದ ಬೈಗುಳ ಬರಲಿಲ್ಲ, ಗೆದ್ದ ಮಾತೂ ಬರಲಿಲ್ಲ. ಪುಟ್ಟಮಲ್ಲಮ್ಮ ಕೇಳಿದಳು: "ಎಷ್ಟು ಕೇಳ್ಸಲ್ವಂತೆ?"

ಕಾವ್ಯಶ್ರೀ ಸುಧಾಮಣಿ ಕೊಟ್ಟ ವರದಿಯನ್ನು ಓದಿದಳು: "ಬಲಗಿವಿ ತೊಂಬತ್ತು ಡೆಸಿಬೆಲ್, ಎಡಗಿವಿ ತೊಂಬತ್ತು ಡೆಸಿಬೆಲ್."