ಎಡಗಡೆ ಕ್ಯಾಶಿಯರ್, ಬಲಗಡೆ ಅಧ್ಯಕ್ಷ

ನೆಬ್ರಾಸ್ಕಾದ ಲಿಪಾ ಊರಿನಲ್ಲಿ ಮಾತ್ಯೇಯ್ ಸ್ಕಾಲಾನಷ್ಟು ಜಂಬದ ಮನುಷ್ಯ ಇನ್ನೊಬ್ಬನಿರಲಿಲ್ಲ. ಜಂಬಕ್ಕೆ ಕಾರಣವೂ ಇತ್ತೆನ್ನಿ. ಹಿಟ್ಟಿನ ಗಿರಣಿ ಅವನದು, ಗಿರಣಿಯ ಎದುರಿನ ಬ್ಯಾಂಕೂ ಅವನದೇ. ಆ ಬ್ಯಾಂಕು ತನ್ನ ಹೆಸರಿನಲ್ಲೇ ನೋಟು ಹೊರಡಿಸುತ್ತಿತ್ತು. ಮೇಲೆ ಸರಕಾರದ ಮುದ್ರೆ, ನಡುವೆ ದಪ್ಪಕ್ಷರದಲ್ಲಿ ಲಿಪಾ ಎಂಬ ಊರ ಹೆಸರು, ಕೆಳಗೆ ಎಡಕ್ಕೆ ಕ್ಯಾಶಿಯರನ ರುಜು, ಬಲಕ್ಕೆ ಅಧ್ಯಕ್ಷನ ರುಜು. ಬಲಗಡೆಯದು ಸ್ಕಾಲಾನದು. ಹಂದಿಮರಿ ಮಾರಿದವನೂ ಈ ಸ್ಕಾಲಾನ ಹೆಸರನ್ನು ಜೇಬಿನಲ್ಲಿಟ್ಟುಕೊಂಡೇ ಮನೆಗೆ ಹೋಗುತ್ತಾನೆಂದು ಅವನು ಬಿಯರ್ ಅಂಗಡಿಯಲ್ಲಿ ಮೀಸೆ ತಿರುವುತ್ತಿದ್ದ.

ಅವನ ಒಬ್ಬಳೇ ಮಗಳು ರೂಜೆನಾ. ಅವಳು ಮನಸ್ಸು ಕೊಟ್ಟದ್ದು ಎಡಗಡೆಯ ರುಜುವಿನವನಿಗೆ. ಕ್ಯಾಶಿಯರ್ ಒಟಾಕರ್ ವರ್ಬಾ ಉದ್ದ ಕುತ್ತಿಗೆಯ, ಬೆರಳಿಗೆ ಶಾಯಿ ಮೆತ್ತಿಕೊಂಡ, ಮಾತಾಡಿಸಿದರೆ ಕಿವಿ ಕೆಂಪಾಗುವ ಹುಡುಗ.

"ನನ್ನ ಮಗಳು ಬ್ಯಾಂಕ್ ಅಧ್ಯಕ್ಷನ ಹೆಂಡ್ತಿ ಆಗ್ತಾಳೆ. ಕ್ಯಾಶಿಯರ್ ಗೀಶಿಯರ್ ಎಲ್ಲ ನಡಿಯಲ್ಲ!" ಎಂದು ಸ್ಕಾಲಾ ಊರ ಮುಂದೆ ಸಾರಿಬಿಟ್ಟಿದ್ದ. ಅಧ್ಯಕ್ಷನನ್ನು ಹುಡುಕಿಯೂ ಇಟ್ಟಿದ್ದ. ಪಕ್ಕದ ಹೊಲೂಬ್ ಊರಿನ ಬ್ಯಾಂಕಿನ ಹಿನೆಕ್ ಜೆಲೆಂಕಾ ಹೆಂಡತಿ ಸತ್ತ ಐವತ್ತೆರಡರ ಗಂಡಸು, ಹಲ್ಲು ಕಟ್ಟಿಸಿಕೊಂಡವನು. ಭಾನುವಾರ ಬಾತುಕೋಳಿ ಊಟಕ್ಕೆ ಬಂದು ಮದುವೆ ಮಾತು ಮುಗಿಸಿ ಹೋಗುವುದೆಂದು ಗೊತ್ತಾಗಿತ್ತು.

ಬುಧವಾರ ವಾಷಿಂಗ್ಟನ್ನಿನಿಂದ ಹೊಸ ನೋಟಿನ ಪೆಟ್ಟಿಗೆ ಬಂತು. ಹಾಳೆಗೆ ನಾಲ್ಕರಂತೆ ಅಚ್ಚಾದ ಇನ್ನೂರು ಹಾಳೆ. ರುಜು ಹಾಕಿ ಕತ್ತರಿಸುವ ಕೆಲಸ ಬ್ಯಾಂಕಿನವರದು. ಬೆಳಿಗ್ಗೆ ಬ್ಯಾಂಕಿನ ಬಾಗಿಲಲ್ಲೇ ರೂಜೆನಾ ಒಟಾಕರನನ್ನು ಅಡ್ಡಗಟ್ಟಿದಳು.

"ಏನೋ, ಮದುವೆ ಆಗು ಅಂತ ನನ್ನ ಕೇಳ್ತೀಯೋ, ಇಲ್ಲ ಜೆಲೆಂಕಾನ ಹಲ್ಲುಸೆಟ್ಟು ತೊಳ್ಕೊಂಡಿರು ಅಂತ ಕಳಿಸಿಬಿಡ್ತೀಯೋ?"

"ಕೇ... ಕೇಳಿದ್ರೆ ಏನಂತೀಯಾ?"

"ಹೂಂ ಅಂತೀನಿ, ಪೆದ್ದಾ!"

ಒಟಾಕರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಒಳಗೆ ಹೋಗಿ ಪೋಲ್ಕಾ ಕುಣಿತದ ಹಾಡು ಗುನುಗುತ್ತಾ, ಕೂತಲ್ಲೇ ಕುಣಿಯುತ್ತಾ, ಎಂಟುನೂರು ರುಜುವನ್ನೂ ಒಂದೇ ಉಸಿರಿಗೆ ಹಾಕಿ ಮುಗಿಸಿದ. ಎಲ್ಲವನ್ನೂ ಬಲಗಡೆ ಹಾಕಿದ್ದ.

ಮಧ್ಯಾಹ್ನ ಸ್ಕಾಲಾ ಬಂದು ಕೂತ. ಅವನಿಗೆ ಹತ್ತಿರದ್ದು ಕಾಣಿಸದೆ ಆರು ವರ್ಷವಾಗಿತ್ತು. ಕನ್ನಡಕ ಕೋಟಿನ ಒಳಜೇಬಿನಲ್ಲಿರುತ್ತಿತ್ತು. ಜನರೆದುರು ಹಾಕಿಕೊಳ್ಳುವುದೆಂದರೆ ಅವನಿಗೆ ಪ್ರಾಣ ಹೋದಂತೆ. ಎಲ್ಲಿ ಶಾಯಿ ಇಲ್ಲವೋ ಅದೇ ತನ್ನ ಜಾಗ ಎಂಬ ಲೆಕ್ಕದಲ್ಲಿ ಅವನು ಎಂಟುನೂರು ಸಲ ಗಂಭೀರವಾಗಿ ಎಡಗಡೆ ರುಜು ಹಾಕಿದ.

ಕತ್ತರಿಸುವ ಕೆಲಸ ರೂಜೆನಾಳದು. ತೀರಿಹೋದ ಅಮ್ಮನ ಬಟ್ಟೆ ಕತ್ತರಿಯನ್ನು ಮೊದಲ ಹಾಳೆಗೆ ಇಟ್ಟವಳು ಹಾಗೇ ನಿಂತಳು. ಅಧ್ಯಕ್ಷ, ಒಟಾಕರ್ ವರ್ಬಾ. ಕ್ಯಾಶಿಯರ್, ಮಾತ್ಯೇಯ್ ಸ್ಕಾಲಾ. ಈಗ ಕೂಗಿ ಹೇಳಿದರೆ ಹಾಳೆಗಳು ಪೆಟ್ಟಿಗೆ ಸೇರಿ ವಾಷಿಂಗ್ಟನ್ನಿಗೆ ವಾಪಸು ಹೋಗುತ್ತವೆ. ಕತ್ತರಿಸಿಬಿಟ್ಟರೆ ಅದು ಹಾಳೆಯಲ್ಲ, ಹಣ. ಅವಳ ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ತುಟಿ ಕಚ್ಚಿ ಹಿಡಿದು ಕಚಕಚ ಕತ್ತರಿಸಿದಳು.

ಶುಕ್ರವಾರ ರೈತರಿಗೆ ಗೋಧಿಯ ದುಡ್ಡು ಕೊಡುವ ದಿನ. ಮಧ್ಯಾಹ್ನದೊಳಗೆ ನೋಟುಗಳು ಊರೆಲ್ಲ ಸುತ್ತಿದವು. ಮುದುಕಿ ಬಾರ್ಬೊರಾ ಕಿಟಕಿಗೆ ಬಂದು, "ಅಧ್ಯಕ್ಷರೇ, ಇದಕ್ಕೆ ಚಿಲ್ಲರೆ ಕೊಡ್ತೀರಾ?" ಎಂದು ಕಣ್ಣು ಮಿಟುಕಿಸಿದಳು. ಒಟಾಕರ್ ನೋಟು ನೋಡಿದವನೇ ರೂಜೆನಾಳ ಬಳಿಗೆ ಓಡಿದ.

"ನನ್ ಕಥೆ ಮುಗೀತು, ರೂಜೆನಾ. ರಾಜೀನಾಮೆ ಬರೆದಿಟ್ಟು ಒಮಾಹಾ ಪಟ್ಟಣಕ್ಕೆ ಹೊರಟುಹೋಗ್ತೀನಿ."

ರೂಜೆನಾಳ ನಗು ಅಲ್ಲಿಗೆ ನಿಂತಿತು. ಇವನು ಹೊರಟುಹೋದರೆ ತನಗೆ ಉಳಿಯುವುದು ಆ ಹಲ್ಲುಸೆಟ್ಟು ಮಾತ್ರ, ಅದೂ ತನ್ನ ಕೈಯಾರೆ ಮಾಡಿಕೊಂಡದ್ದು. ಅವಳಿಗೆ ನಿಜವಾಗಿ ಭಯವಾಯಿತು.

"ಹೋಗೋದಾದ್ರೆ ಭಾನುವಾರ ಊಟದ ಹೊತ್ತಿಗೆ ಬಂದು ಅಪ್ಪನ ಕೈಗೇ ಕೊಟ್ಟು ಹೋಗು. ಅಲ್ಲೀವರ್ಗೂ ಬಾಯಿ ಬಿಟ್ರೆ ನೋಡು!" ಎಂದಳು. ಭಾನುವಾರದೊಳಗೆ ಏನಾದರೊಂದು ಹೊಳೆಯುತ್ತದೆಂದು ನಂಬಿದ್ದಳು. ಏನೂ ಹೊಳೆಯಲಿಲ್ಲ. ಊರಿಗೆ ಊರೇ ಹೊಟ್ಟೆ ಹಿಡಿದು ನಗುತ್ತಿದ್ದರೂ ಸ್ಕಾಲಾನ ಎದುರು ಉಸಿರೆತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಭಾನುವಾರ ಮೇಜಿನ ಮೇಲೆ ಬಾತುಕೋಳಿ, ಹಿಟ್ಟಿನ ಕಡುಬು, ಹುಳಿ ಕೋಸು. ಜೆಲೆಂಕಾ ಎರಡು ತೊಡೆ ಮುಗಿಸಿ, ಬಾಯೊರೆಸಿಕೊಂಡು, ಜೇಬಿನಿಂದ ಗರಿಗರಿ ನೋಟೊಂದನ್ನು ತೆಗೆದ. ಅದೇ ಹೊತ್ತಿಗೆ ರಾಜೀನಾಮೆ ಪತ್ರ ಹಿಡಿದು ಒಟಾಕರನೂ ಬಾಗಿಲಿಗೆ ಬಂದ.

"ಏನ್ ಸ್ಕಾಲಾ, ಅಧ್ಯಕ್ಷನ ಮಗಳು ಅಂತ ನಾನು ಬಂದೆ. ನೀನು ನೋಡಿದ್ರೆ ಕ್ಯಾಶಿಯರ್ ಆಗಿ ಕೂತಿದೀಯಲ್ಲೋ! ನಿನ್ ಕೈಯಾರೆ ಬರ್ಕೊಂಡಿದೀಯ. ಕಣ್ಣು ಕಾಣಿಸಲ್ವಾ ನಿಂಗೆ?" ಎಂದು ಜೆಲೆಂಕಾ ಹಲ್ಲುಸೆಟ್ಟು ಅಲುಗಾಡುವಂತೆ ನಕ್ಕ.

ಸ್ಕಾಲಾ ನೋಟನ್ನು ಮೂಗಿಗೆ ಹಿಡಿದ, ಕೈ ನೀಳ ಮಾಡಿ ಹಿಡಿದ. ಏನೂ ಕಾಣಿಸಲಿಲ್ಲ. ಮುಖ ಗಜ್ಜರಿಗಡ್ಡೆಯಂತೆ ಕೆಂಪಾಯಿತು. ರೂಜೆನಾ ಕಡುಬಿನ ತಟ್ಟೆಯನ್ನು ಎದೆಗವಚಿಕೊಂಡು ನಿಂತಳು.

"ಕಣ್ಣು ಕಾಣಿಸಲ್ಲ ಅಂತ ಯಾವನೋ ಹೇಳಿದ್ದು?" ಸ್ಕಾಲಾ ಮೇಜು ಗುದ್ದಿದ. "ಬೇಕು ಅಂತಲೇ ಬರ್ದಿದೀನಿ! ನನ್ ಬ್ಯಾಂಕು, ನನ್ನಿಷ್ಟ. ಅಧ್ಯಕ್ಷಗಿರೀನ ನನ್ನ ಅಳಿಯನಿಗೆ ಬಿಟ್ಕೊಟ್ಟಿದೀನಿ!"

"ಅಳಿಯನಾ?" ಜೆಲೆಂಕಾ ನೋಟನ್ನು ಮತ್ತೆ ಕೈಗೆತ್ತಿಕೊಂಡ.

"ಹೂಂ, ಅಳಿಯ! ಅಗೋ, ಬಾಗಿಲಲ್ಲೇ ನಿಂತಿದಾನಲ್ಲ. ಏನಯ್ಯಾ ಒಟಾಕರ್, ಅದೇನದು ಕೈಯಲ್ಲಿ ಕಾಗ್ದ?"

ಒಟಾಕರ್ ತಡವರಿಸುವುದರೊಳಗೆ ರೂಜೆನಾ ಪತ್ರವನ್ನು ಕಿತ್ತುಕೊಂಡು ಒಲೆಗೆ ಹಾಕಿದಳು. "ಏನಿಲ್ಲಪ್ಪಾ, ಹುಡುಗಿ ಕೇಳೋಕೆ ಬರ್ಕೊಂಡು ಬಂದಿದಾನೆ. ಮಾತಾಡೋಕೆ ನಾಚಿಕೆ," ಎಂದು ಅಪ್ಪನ ಕೊರಳಿಗೆ ಬಿದ್ದು ನಗುತ್ತಾ ಅತ್ತುಬಿಟ್ಟಳು.

ಆಡಿದ ಮಾತು ಹಿಂದೆಗೆಯುವ ಜಾತಿಯವನಲ್ಲ ಸ್ಕಾಲಾ. ಮರುದಿನವೇ ಕ್ಯಾಶಿಯರನ ಕಿಟಕಿಯಲ್ಲಿ ಹೋಗಿ ಕೂತ. ಇಡೀ ಊರು ಒಬ್ಬೊಬ್ಬರಾಗಿ ಬಂದು ಮಾತಾಡಿಸುವ ಸುಖ ಹಿಂದಿನ ಕೋಣೆಯಲ್ಲಿ ಅಧ್ಯಕ್ಷನಾಗಿ ಕೂತಾಗ ಅವನಿಗೆ ಸಿಕ್ಕಿರಲಿಲ್ಲ.

ಕೊಯ್ಲು ಮುಗಿದ ಮೇಲೆ ಮದುವೆ. ಚರ್ಚಿನ ರಿಜಿಸ್ಟರಿಗೆ ಒಟಾಕರ್ ಮೊದಲು ರುಜು ಹಾಕಿದ. ತುಟಿಯ ಮೇಲೆ ಅದೇ ಪೋಲ್ಕಾ. ಸ್ಕಾಲಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದ. ಏನನ್ನಿಸಿತೋ, ಇಡೀ ಊರಿನೆದುರು ಒಳಜೇಬಿಗೆ ಕೈ ಹಾಕಿ ಕನ್ನಡಕ ತೆಗೆದು ಮೂಗಿಗೇರಿಸಿದ.

"ಎಡಗಡೆ, ಅಧ್ಯಕ್ಷರೇ, ಎಡಗಡೆ!" ಎಂದು ಅವನು ಕೂಗಿದ. "ಬಲಗಡೆ ಹಾಕಿದ್ರೆ ನೀನು ಮದುಮಗಳು ಕಣೋ!"

ಪಾದ್ರಿಯೂ ಬೆಂಚು ಹಿಡಿದು ನಕ್ಕರು. "ಹೋಗ್ಲಿ ಬಿಡಪ್ಪಾ," ಎಂದು ರೂಜೆನಾ ಲೇಖನಿ ತೆಗೆದುಕೊಂಡು, ಎಲ್ಲಿ ಶಾಯಿ ಇರಲಿಲ್ಲವೋ ಅಲ್ಲಿ ತನ್ನ ಹೆಸರು ಬರೆದಳು.