ಡೇಟಾ ಸಾಗಿಸುವ ಸನ್ಮತಿ

ಹುಕ್ಕೇರಿಯ ಸನ್ಮತಿ ನಡೆದು ಬರುವುದನ್ನು ದೂರದಿಂದ ಕಂಡವರು, ಪಾಪ, ಏನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂದೇ ತಿಳಿಯುತ್ತಿದ್ದರು. ಕಾಲಡಿಯಲ್ಲಿ ಇರುವೆ ಸಿಕ್ಕೀತೆಂದು ಜೈನರ ಮನೆಯಲ್ಲಿ ಎಳವೆಯಿಂದ ಕಲಿತ ನಡಿಗೆ ಅದು. ಕಣ್ಣು ನೆಲದ ಮೇಲೆ, ಹೆಜ್ಜೆ ಹಗುರ, ಕಂಪ್ಯೂಟರು ಇಟ್ಟ ತಂಪು ಕೋಣೆಗಳ ರೂಢಿಯಿಂದ ಏಪ್ರಿಲ್ ಬಿಸಿಲಿನಲ್ಲೂ ಮೈಮೇಲೆ ಗುಂಡಿ ಹಾಕಿದ ಕಂದು ಸ್ವೆಟರು. ಹೊತ್ತು ಮುಳುಗುವ ಮೊದಲೇ ಊಟದ ಡಬ್ಬಿ ಬಿಚ್ಚುತ್ತಿದ್ದ, ಮುಳುಗಿದರೆ ಬಿಚ್ಚದೆ ಮನೆಗೆ ಒಯ್ಯುತ್ತಿದ್ದ.

ಅವನ ಕಸುಬು ಹೇಳುವುದಕ್ಕೆ ಸರಳ, ಕಣ್ಣು ಮುಚ್ಚಿ ಕಲ್ಪಿಸಿಕೊಂಡರೆ ಕನಸಿನಂಥದ್ದು. ಒಂದು ಹಳೆಯ ಡೇಟಾಬೇಸಿನೊಳಗೆ ಸಾಲುಸಾಲಾಗಿ ಮಲಗಿರುವ ಹೆಸರು, ಊರು, ತಾರೀಖುಗಳನ್ನು ಮೆಲ್ಲಗೆ ಎಬ್ಬಿಸಿ, ಹೊಸ ಡೇಟಾಬೇಸಿನೊಳಗೆ ಅವುಗಳ ಸಂಬಂಧ ಕೆಡದಂತೆ ಮಲಗಿಸುವುದು. ತಾಯಿ ಒಂದು ಕೋಷ್ಟಕದಲ್ಲಿ, ಕೂಸು ಇನ್ನೊಂದರಲ್ಲಿ, ನಡುವೆ ಒಂದು ಅಂಕಿಯ ದಾರ; ಆ ದಾರ ಹರಿಯಿತೋ, ಯಾರ ಕೂಸು ಯಾರ ಮಡಿಲಿನದೆಂಬುದು ಬ್ರಹ್ಮನಿಗೂ ತಿಳಿಯದು. ಅದಕ್ಕೇ ಅವಸರ ಮಾಡಿದವರಿಗೆಲ್ಲ ಅವನದು ಒಂದೇ ಮಾತು: "ಸಾವಕಾಶ್ರಿ, ಸಾವಕಾಶ. ಒಳಗ ಮಂದಿ ಮಲಗ್ಯಾರ."

ಹಾಗೆಂದು ತಪ್ಪೇ ಮಾಡದವನಲ್ಲ. ಮೂಡಲಗಿಯಲ್ಲಿ ಯಾರೋ ಖಾಸಗಿ ದನದ ಡಾಕ್ಟರರ ಡೇಟಾ ಸಾಗಿಸುವಾಗ ಮಾಲಕರ ಹೆಸರಿನ ಜಾಗಕ್ಕೆ ಎಮ್ಮೆಗಳ ಹೆಸರನ್ನು, ಎಮ್ಮೆಗಳ ಜಾಗಕ್ಕೆ ಮಾಲಕರದನ್ನು ಕೂಡಿಸಿಬಿಟ್ಟಿದ್ದ. ಗೌರಿಯೆಂಬ ಎಮ್ಮೆ ಮಾಲಕಿಯಾಗಿ, ಅದನ್ನು ಸಾಕಿದ ದುಂಡಪ್ಪ ಕಾಲುಬಾಯಿ ರೋಗದ ಲಸಿಕೆ ಹಾಕಿಸಿಕೊಂಡವನಾಗಿ, ಅಚ್ಚಾದ ಚೀಟಿ ದುಂಡಪ್ಪನ ಕೈಗೇ ಬಂತು. ಅವನು ಓದಿಸಿಕೊಂಡು ಹೇಳಿದ: "ಇರ್ಲಿ ಬಿಡ್ರಿ. ಖರೆ ಹೇಳಬೇಕಂದ್ರ ನಮ್ಮ ಮನ್ಯಾಗ ಅಕೀದ ಮಾತ ನಡೀತೈತಿ." ಎಲ್ಲರೂ ನಕ್ಕರು. ಸನ್ಮತಿ ಮಾತ್ರ ನಗಲಿಲ್ಲ. ಅಂದಿನಿಂದ ಸಾಗಿಸಿ ಮುಗಿದ ಮೇಲೆ ಆ ಕಡೆ ಎಷ್ಟು ಸಾಲು, ಈ ಕಡೆ ಎಷ್ಟು ಸಾಲು ಎಂದು ತಾಳೆ ನೋಡದೆ ಕುರ್ಚಿ ಬಿಡುತ್ತಿರಲಿಲ್ಲ.

ಗೋಕಾಕದ ಒಂದು ಹೆರಿಗೆ ದವಾಖಾನೆಯಲ್ಲಿ ಆ ತಾಳೆ ತಪ್ಪಿತು. ಎರಡು ಸಾವಿರದ ಇಸವಿ ದಾಟಿದ ಕಾಲ. ಫಾಕ್ಸ್‌ಪ್ರೊ ಎಂಬ ಹಳೆಯ ಡೇಟಾಬೇಸಿನಲ್ಲಿದ್ದ ಹೆರಿಗೆಗಳೆಲ್ಲ ಹೊಸ ಡೇಟಾಬೇಸಿಗೆ ಬರಬೇಕಿತ್ತು. ಮನೆಯಲ್ಲಿ ತೊಟ್ಟಿಲ ಕಾರ್ಯ ಮುಗಿಸಿ, ಬಂದು ಕೂಸಿನ ಹೆಸರು ಹೇಳಿ ಹೋಗುವುದು ಅಲ್ಲಿಯ ರೂಢಿ. ಬಾರದವರ ಕೂಸುಗಳ ಹೆಸರಿನ ಜಾಗ ಖಾಲಿಯೇ ಉಳಿದಿತ್ತು. ಹೊಸದು ಖಾಲಿ ಜಾಗವನ್ನು ಒಪ್ಪದು. ಸನ್ಮತಿ ಅಂಥಲ್ಲೆಲ್ಲ 'ಹೆಸರಿಟ್ಟಿಲ್ಲ' ಎಂದು ತುಂಬಿದ. ಕುಲಗೋಡದ ಸತ್ತೆವ್ವ ಅವಳಿ ಹೆತ್ತಿದ್ದಳು. ಅದೇ ತಾಯಿ, ಅದೇ ತಾರೀಖು, ಅದೇ 'ಹೆಸರಿಟ್ಟಿಲ್ಲ'. ಎರಡನೆಯದು ಮೊದಲನೆಯದರ ನಕಲೆಂದು ಹೊಸ ಡೇಟಾಬೇಸು ಅದನ್ನು ಹೊರಗೇ ನಿಲ್ಲಿಸಿತು.

"ಒಂದ ಸಾಲು ಹೋದ್ರ ಏನಾತು, ಸನ್ಮತಿ? ಸೋಮವಾರ ಹಳೇ ಮಶೀನ ಗುಜರಿಗಿ ಹೊಕ್ಕೈತಿ," ಎಂದರು ಡಾಕ್ಟರಬಾಯಿ.

"ಸಾಲಲ್ರಿ ಮ್ಯಾಡಮ್. ಕೂಸರಿ."

"ಹಂಗಾರ ಒಂದು, ಎರಡು ಅಂತ ನಂಬರ ಹಾಕಿ ಮುಗಸು."

"ಹಾಕಬಹುದ್ರಿ. ಹಡದಾಕಿನ್ನ ಒಂದ ಮಾತ ಕೇಳಿ ಹಾಕ್ತೇನಿ."

ರವಿವಾರ ಕುಲಗೋಡದಲ್ಲಿ ಬಸ್ಸಿಳಿದ. ಕಬ್ಬಿನ ಗರಿಗಳ ಸಪ್ಪಳ ಹಗಲನ್ನೇ ತೂಗಿ ಮಲಗಿಸುತ್ತಿದ್ದಂಥ ಮಧ್ಯಾಹ್ನ. ಸತ್ತೆವ್ವ ಪಡಸಾಲೆಯ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳ ನಾದಿನಿ ಹನಮವ್ವ ಗೋಡೆಗೆ ಒರಗಿ ಕೂತಿದ್ದಳು. ಕೂಸುಗಳ ಹೆಸರು ಬರೆದುಕೊಳ್ಳಲು ಬಂದೆನೆಂದಾಗ ಹನಮವ್ವನೇ ಬಾಯಿ ತೆಗೆದಳು: "ಭಾಳ ಲಗೂನ ಬಂದ್ಯೋ ಯಪ್ಪಾ. ನಮ್ಮ ಭಾಗ್ಯಾ ಬರೂ ಜೂನಕ್ಕ ಸಾಲಿಗಿ ಹೊಂಟ ನಿಂತಾಳ."

"ಇನ್ನೊಬ್ಬಾಕೀದರಿ?"

ರೊಟ್ಟಿಯ ಸಪ್ಪಳ ನಿಂತಿತು. "ಅಕಿ ತೊಟ್ಟಿಲಕ್ಕ ಹಾಕೂ ಮೊದಲ ಹ್ವಾದಳ್ರಿ," ಎಂದಳು ಸತ್ತೆವ್ವ, ಹಿಟ್ಟಿನ ಕಡೆಗೇ ನೋಡುತ್ತ. "ಅಕೀದು ಎಲ್ಲೂ ಏನೂ ಉಳದಿಲ್ಲ."

"ಉಳದೈತ್ರಿ ಅಕ್ಕಾರ. ಹಳೇ ಮಶೀನದಾಗ ಅಕೀದೂ ಒಂದ ಜಾಗಾ ಐತಿ. ಹೊಸಾದರಾಗ ಇಬ್ಬರೂ ಕೂಡಿ ಒಬ್ಬಾಕಿ ಆಗ್ಯಾರ, ಅದ ನಂದ ತಪ್ಪು. ಹೆಸರ ಹೇಳಿದ್ರ ಬ್ಯಾರೆ ಮಾಡ್ತೇನಿ. ಬ್ಯಾಡಂದ್ರ ಹಂಗ ಬಿಡ್ತೇನಿ. ನೀವು ಹೇಳಿದಂಗ."

"ಹೋದ ಕೂಸಿಗಿ ಹೆಸರಿಡೂದು ಯಾ ಊರಾಗ ಕಂಡೀಯೋ?" ಎಂದಳು ಹನಮವ್ವ.

"ಬಿಡಬ್ಯಾಡ್ರಿ ಅಕೀನ," ಎಂದಳು ಸತ್ತೆವ್ವ. ದನಿ ಎಷ್ಟು ಸಣ್ಣದಿತ್ತೆಂದರೆ ಒಲೆಯೊಳಗಿನ ಕಟ್ಟಿಗೆಯ ಚಟಪಟವೇ ಅದಕ್ಕಿಂತ ದೊಡ್ಡದಾಗಿ ಕೇಳಿಸಿತು.

ಆ ಸೀಮೆಯಲ್ಲಿ ಕೂಸಿನ ಕಿವಿಯಲ್ಲಿ ಮೊದಲು "ಕುರ್ರ್" ಎಂದು, ಆಮೇಲೆ ಹೆಸರು ಹೇಳುವವಳು ಸೋದರತ್ತೆ. ಹೇಳಿದ ಗಳಿಗೆಗೆ ಉಳಿದ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ನಗಬೇಕು. ಹನಮವ್ವ ಬೇರೆ ಯಾರೊಡನೆಯೋ ಆಡುವವಳಂತೆ ಹೇಳಿದಳು: "ಎರಡ ಹೆಸರ ಹುಡಿಕಿ ಇಟ್ಟಿದ್ನಿ ನಾ. ಒಂದ ಹೇಳಿದ್ನಿ. ಒಂದ ನನ್ನ ಬಾಯಾಗ ಉಳೀತು."

ಸನ್ಮತಿ ಕಿಸೆಯಿಂದ ಪೆನ್ನು ತೆಗೆದ. "ಹೇಳ್ರಿ."

"ಹಂಗ ಒದರೂ ಹೆಸರಲ್ಲೋ ಅದು. ಕಿವಿ ಕೊಡು."

ಅವನು ಬಗ್ಗಿದ. ಹನಮವ್ವ ಸೆರಗಿನಿಂದ ಮರೆಮಾಡಿ, ತೊಟ್ಟಿಲ ಮುಂದೆ ನಿಂತವಳಂತೆಯೇ ಅವನ ಕಿವಿಯೊಳಗೆ "ಕುರ್ರ್" ಎಂದು ಹೆಸರು ಉಸಿರಿದಳು. ಸತ್ತೆವ್ವ ಎದ್ದು ಬಂದಳು. ಹಿಟ್ಟಿನ ಕೈಯಿಂದ ನಾದಿನಿಯ ಬೆನ್ನಿಗೆ ಮೆತ್ತಗೊಂದು ಗುದ್ದಿದಳು, ಆಮೇಲೆ ಇನ್ನೊಂದು, ಜೋರಾಗಿ. ನೀಲಿ ಕುಪ್ಪಸದ ಮೇಲೆ ಬಿಳಿಯ ಗುರುತು ಮೂಡಿತು. ಇಬ್ಬರೂ ನಗುತ್ತಿದ್ದರೋ ಅಳುತ್ತಿದ್ದರೋ ಸನ್ಮತಿ ನೋಡಲಿಲ್ಲ. ಬಗ್ಗಿದವನು ಹಾಗೇ ಇದ್ದ.

ಸೋಮವಾರ ಅವಳಿಗಳು ಹೊಸ ಡೇಟಾಬೇಸಿನಲ್ಲಿ ಒಂದರ ಕೆಳಗೊಂದು, ಬೇರೆ ಬೇರೆಯಾಗಿ ಕುಳಿತವು. ಅದೇನು ಹೆಸರೆಂದು ಆಮೇಲೆ ಕೇಳಿದವರಿಗೆ ಅವನು ಹೇಳಿದ್ದು ಇಷ್ಟೇ: "ಅದು ಕೂಸಿಗಿ ಗೊತ್ತೈತ್ರಿ."

ಹೊಸದನ್ನು ಕಟ್ಟಿದವರ ಹೆಸರನ್ನು ಲೋಕ ಬಾಗಿಲಿನ ಮೇಲೆ ಕೆತ್ತುತ್ತದೆ. ಸನ್ಮತಿಯಂಥವರಿಗೆ ಬಾಗಿಲಿಲ್ಲ. ಒಂದು ಕಾಲ ಇನ್ನೊಂದು ಕಾಲಕ್ಕೆ ಮನೆ ಬದಲಿಸುವಾಗ, ಎಲ್ಲರೂ ಗಾಡಿ ಹತ್ತಿ ಹೊರಡಿ ಹೊರಡಿ ಎನ್ನುತ್ತಿರುವಾಗ, ಇಂಥವನೊಬ್ಬ ಇಳಿದು ಬರಿದಾದ ಕೋಣೆಯೊಳಕ್ಕೆ ಮತ್ತೆ ಹೋಗುತ್ತಾನೆ. ಹೆಸರುಳ್ಳವರನ್ನು ಅಂಗಳದಲ್ಲಿ ನಿಂತು ಕೂಗಿದರೂ ಸಾಕು, ಬಂದಾರು. ಹೆಸರಿಲ್ಲದವರನ್ನು ಕೂಗುವುದು ಹೇಗೆ? ಹೋಗಿ ಎತ್ತಿಕೊಂಡೇ ಬರಬೇಕು.